ಇನ್ನೂರು ಗಂಟೆಯ ಋಣ

ವಿಮಾನ ಹಾರಿಸಲು ಕಲಿಸುವ ಶಾಲೆಗಳ ಸಣ್ಣ ವಿಮಾನದೊಳಗೆ ಒಂದು ಪುಟ್ಟ ಮೀಟರ್ ಇರುತ್ತದೆ. ಹಾಬ್ಸ್ ಮೀಟರ್ ಅಂತ ಅದರ ಹೆಸರು. ಸಾಮಾನ್ಯವಾಗಿ ಇಂಜಿನ್ ಶುರುವಾದ ಹೊತ್ತಿನಿಂದ ನಿಲ್ಲುವ ತನಕ ಅದು ಆರಾರು ನಿಮಿಷಕ್ಕೆ ಒಂದು ಅಂಕಿಯಂತೆ ಮುಂದೆ ಉರುಳುತ್ತದೆ. ಹುಡುಗ ಮೂರು ಸಾವಿರ ಅಡಿ ಮೇಲೆ ಹಾರುತ್ತಿರಲಿ, ರನ್‌ವೇ ತುದಿಯಲ್ಲಿ ಇನ್ನೊಂದು ವಿಮಾನ ಇಳಿಯಲಿ ಅಂತ ಕಾಯುತ್ತ ಕೂತಿರಲಿ, ಮೀಟರಿಗೆ ಎರಡೂ ಒಂದೇ. ನಮ್ಮ ಪುಣೆಯ ರಿಕ್ಷಾದ ಮೀಟರಾದರೂ ಸಿಗ್ನಲ್ಲಿನಲ್ಲಿ ನಿಂತಾಗ ಸ್ವಲ್ಪ ಕನಿಕರ ತೋರಿಸುತ್ತದೆ.

ಆ ಅಂಕಿಗಳು ಕೂಡುತ್ತ ಕೂಡುತ್ತ 200 ಗಂಟೆ ಆಗಬೇಕು. ನಮ್ಮ ದೇಶದ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಕೇಳುವುದು ಅಷ್ಟನ್ನು. ಅದರಲ್ಲಿ 100 ಗಂಟೆ ವಿದ್ಯಾರ್ಥಿಯೇ ವಿಮಾನದ ಜವಾಬ್ದಾರಿ ಹೊತ್ತು ಹಾರಿಸಿರಬೇಕು. ರಾತ್ರಿ ಹಾರಾಟ, ಊರಿಂದೂರಿಗೆ ಹಾರಾಟ, ಕಣ್ಣು ಕಾಣದ ಮೋಡದಲ್ಲಿ ಬರೀ ಉಪಕರಣ ನೋಡಿ ಹಾರಾಟ, ಎಲ್ಲಕ್ಕೂ ಇಂತಿಷ್ಟು ಅಂತ ಲೆಕ್ಕವಿದೆ. ಇನ್ನೂರು ಗಂಟೆ ಎಂದರೆ ಎಷ್ಟು? ಎಂಟು ದಿನ, ಎಂಟು ತಾಸು. ಬ್ಯಾಂಕಿನಲ್ಲಿ ನಾವು ಇಪ್ಪತ್ತೈದು ದಿನ ಕುರ್ಚಿಯಲ್ಲಿ ಕೂತೆದ್ದ ಹೊತ್ತು. ಆ ಹೊತ್ತಿಗೆ ಒಂದು ಮಧ್ಯಮ ವರ್ಗದ ಮನೆಯ ಮೂವತ್ತು ವರ್ಷದ ಉಳಿತಾಯ ಕರಗುತ್ತದೆ. ಸಾಲದೇ ಬಂದರೆ ಮನೆಯೂ ಅಡವಿಗೆ ಹೋಗುತ್ತದೆ. ಮಗನಿಗೋ ಮಗಳಿಗೋ ಹೀಗೆ ಮಾಡುವುದು ಸರಿಯೇ, ತಪ್ಪೇ? ಈ ಪ್ರಶ್ನೆ ನನ್ನ ಕಿವಿಗೆ ಬಿದ್ದು ಹದಿನೆಂಟು ವರ್ಷ ದಾಟಿತು. ಬಡ್ಡಿ ಲೆಕ್ಕ ಹಾಕಿದಷ್ಟು ಸುಲಭವಾಗಿ ಇದರ ಲೆಕ್ಕ ಹಾಕಲು ಬರುವುದಿಲ್ಲ.

ಪುಣೆಯಲ್ಲಿ ಇರುವವರಿಗೆ ಆಕಾಶ ಪರಕೀಯವಲ್ಲ. ಲೋಹಗಾಂವದ ವಿಮಾನ ನಿಲ್ದಾಣವೇ ವಾಯುಪಡೆಯದ್ದು. ಪ್ರಯಾಣಿಕರ ವಿಮಾನಗಳು ಅಲ್ಲಿ ಬಾಡಿಗೆದಾರರ ಹಾಗೆ. ಸುಖೋಯ್ ಹಾರಿದ ದಿನ ವಿಮಾನನಗರದ ಕಿಟಕಿ ಗಾಜುಗಳು ಗಡಗಡ ಅನ್ನುತ್ತವೆ. ಹಡಪಸರದ ಗ್ಲೈಡಿಂಗ್ ಸೆಂಟರಿನಿಂದ ಇಂಜಿನ್ನೇ ಇಲ್ಲದ ಗ್ಲೈಡರುಗಳು ದಶಕಗಳ ಕಾಲ ಸದ್ದಿಲ್ಲದೆ ಹದ್ದಿನಂತೆ ಸುತ್ತಿವೆ. ಬಾರಾಮತಿಯಲ್ಲಿ ಹಾರಾಟದ ಶಾಲೆಗಳಿವೆ. ಖಡಕವಾಸ್ಲಾದಲ್ಲಿ ಎನ್‌ಡಿಎ ಇದೆ. ಅಲ್ಲಿ ಪ್ರವೇಶ ಪಡೆದು ಮುಂದೆ ವಾಯುಪಡೆಗೆ ಹೋಗುವ ಹುಡುಗನ ಹಾರಾಟದ ಒಂದೊಂದು ಗಂಟೆಗೂ ದೇಶ ದುಡ್ಡು ಕೊಡುತ್ತದೆ. ಅದೇ ವಯಸ್ಸಿನ, ಅದೇ ಓಣಿಯ ಇನ್ನೊಬ್ಬ ಹುಡುಗ ಪ್ರಯಾಣಿಕರ ವಿಮಾನ ಹಾರಿಸುತ್ತೇನೆ ಅಂದರೆ ಅಪ್ಪ ದುಡ್ಡು ಕೊಡಬೇಕು. ಮೊದಲಿನವನು ದೇಶಕ್ಕೆ ಋಣಿ, ಎರಡನೆಯವನು ಅಪ್ಪನಿಗೆ. ಮೊದಲಿನವನ ಋಣ ಎಷ್ಟು ವರ್ಷದ್ದು ಅಂತ ಸರ್ಕಾರ ಕಾಗದದಲ್ಲಿ ಬರೆದಿಡುತ್ತದೆ. ಎರಡನೆಯವನದು ಎಲ್ಲೂ ಬರೆದಿರುವುದಿಲ್ಲ. ತೊಡಕು ಶುರುವಾಗುವುದು ಅಲ್ಲಿಂದಲೇ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಉತ್ತರಪ್ರದೇಶದ ಫುರ್ಸತ್‌ಗಂಜಿನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ನಮ್ಮ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಹಾರಾಟ ಶಾಲೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲೇ ಶುರುವಾದದ್ದು. ಉಷಾ ಸುಂದರಂ ಕಲಿತು ಹಾರಿದ್ದು ಅಲ್ಲಿಂದ. ಆದರೆ ಸೀಟು ಕೆಲವೇ, ಆಸೆ ಪಡುವವರು ಸಾವಿರಾರು. ಇಲ್ಲಿ ವಿಮಾನ ಕೆಟ್ಟು ನಿಂತಿದೆ, ಬೋಧಕರಿಲ್ಲ, ಮಳೆಗಾಲ ಬಂತು ಅಂತ ವರ್ಷ ಎರಡು ವರ್ಷ ಎಳೆಯುತ್ತದೆ. ಅಮೇರಿಕಾದಲ್ಲೋ ದಕ್ಷಿಣ ಆಫ್ರಿಕಾದಲ್ಲೋ ಫಿಲಿಪೈನ್ಸ್‌ನಲ್ಲೋ ವರ್ಷದೊಳಗೆ ಮುಗಿಸಬಹುದು ಅಂತ ಏಜೆಂಟರು ಹೇಳುತ್ತಾರೆ. ಅವರು ಹೇಳುವುದು ಪೂರ್ತಿ ಸುಳ್ಳೇನೂ ಅಲ್ಲ.

ನಾನು ಹೇಳಹೊರಟ ಮನೆ ಚಿಂಚವಡದ್ದು. ಮುದ್ದೇಬಿಹಾಳ ಕಡೆಯವರು. ಯಜಮಾನರು ಪಿಂಪರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಲೇಥ್ ಮುಂದೆ ನಿಂತವರು. ಎರಡು ಕೋಣೆಯ ಫ್ಲ್ಯಾಟು, ಊರಲ್ಲಿ ನಾಲ್ಕು ಎಕರೆ ಒಣಬೇಸಾಯದ ಹೊಲ, ಒಬ್ಬ ಮಗಳು, ಒಬ್ಬ ಮಗ. 2007ರ ದೀಪಾವಳಿ ಆದ ಮೇಲೆ ಒಂದು ಭಾನುವಾರ ನಮ್ಮನೆಗೆ ಬಂದರು. ಕೈಯಲ್ಲಿ ಫ್ಲೋರಿಡಾದ ಒಂದು ಶಾಲೆಯ ಬಣ್ಣದ ಪುಸ್ತಿಕೆ. ಅವಲಕ್ಕಿ ತಿಂದರು, ಚಹಾ ಕುಡಿದರು, ಆಮೇಲೆ ಕೇಳಿದರು: "ಸಾಹೇಬ್ರ, ಬ್ಯಾಂಕಿನವರಾಗಿ ಹೇಳಬ್ಯಾಡ್ರಿ, ನಮ್ಮ ಮನಿ ಮಂದಿ ಹಂಗ ಹೇಳ್ರಿ. ಇದು ಮಾಡೋದು ಸರೀನೋ, ತಪ್ಪೋ?"

ಅದು ಎಂಥ ಕಾಲ ಅಂತ ನೆನಪು ಮಾಡಿಕೊಳ್ಳಬೇಕು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಹುಬ್ಬಳ್ಳಿಗೂ ವಿಮಾನ ತಂದಿದ್ದರು. ರೈಲಿನಲ್ಲಿ ಎರಡನೇ ದರ್ಜೆ ಬಿಟ್ಟು ಬೇರೆ ನೋಡದವರೂ ಒಮ್ಮೆ ಹತ್ತಿ ಇಳಿದಿದ್ದರು. ವಿಮಾನ ಇವೆ, ಪೈಲಟ್ಟುಗಳಿಲ್ಲ ಅಂತ ಪತ್ರಿಕೆಗಳಲ್ಲಿ ದಿನಾ ಸುದ್ದಿ. ವಿದೇಶಿ ಪೈಲಟ್ಟುಗಳನ್ನು ತಂದು ಹಾರಿಸುತ್ತಿದ್ದರು. ಡಾಲರಿನ ಬೆಲೆ ನಲವತ್ತರ ಆಸುಪಾಸಿಗೆ ಇಳಿದಿತ್ತು. ಮಗ ಹನ್ನೆರಡನೇ ತರಗತಿಯಲ್ಲಿ ಫಿಸಿಕ್ಸು, ಮ್ಯಾಥ್ಸು ತೆಗೆದುಕೊಂಡವನು, ಕಣ್ಣು ಚೆನ್ನಾಗಿತ್ತು, ಬೆಂಗಳೂರಿಗೆ ಹೋಗಿ ವಾಯುಪಡೆಯ ವೈದ್ಯರ ಹತ್ತಿರ ಮೊದಲ ದರ್ಜೆಯ ಮೆಡಿಕಲ್ಲೂ ಪಾಸು ಮಾಡಿ ಬಂದಿದ್ದ. ಕೂಲಿಯಿಂದ ಕುರ್ಚಿಗೆ ಒಂದೇ ತಲೆಮಾರಿನಲ್ಲಿ ಜಿಗಿಯುವ ಅವಕಾಶ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳುವುದು ಸುಲಭ. ಹಾಗೆ ಹೇಳಿದರೆ ಹಾಸಿಗೆ ಉದ್ದ ಇದ್ದವರ ಮಕ್ಕಳು ಮಾತ್ರ ಪೈಲಟ್ ಆಗಬೇಕು, ಉಳಿದವರು ಮೇಲೆ ನೋಡಿ ಕೈ ಬೀಸಬೇಕು ಅಂತ ಅರ್ಥ.

ಬ್ಯಾಂಕಿನವನಾಗಿ ಹೇಳಬೇಡಿ ಅಂದರೂ ಮೊದಲು ಬ್ಯಾಂಕಿನ ಮಾತೇ ಬಂತು. ಆಗ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಶನ್ನಿನ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ವಿದೇಶದ ಓದಿಗೆ ಗರಿಷ್ಠ 15 ಲಕ್ಷ. ಅದರ ಮೇಲೆ ಶೇಕಡ 15 ಮಾರ್ಜಿನ್ನು ನಮ್ಮ ಕೈಯಿಂದ ಹಾಕಬೇಕು. ಭದ್ರತೆಗೆ ಫ್ಲ್ಯಾಟು. ಓದು ಮುಗಿದ ಮೇಲೆ ಒಂದು ವರ್ಷ, ಇಲ್ಲವೇ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಅಲ್ಲಿಂದ ಕಂತು ಶುರು. ಶೇಕಡ 12 ಬಡ್ಡಿ ಅಂದುಕೊಂಡರೂ ತಿಂಗಳಿಗೆ 15 ಸಾವಿರ ಬರೀ ಬಡ್ಡಿ. ಅವರ ನಿವೃತ್ತಿಗೆ ಉಳಿದದ್ದು ಐದು ವರ್ಷ. ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದು ಕೊಟ್ಟೆ. ಅವರು ಹಾಳೆ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡು "ಇದು ನನಗ ಗೊತ್ತೈತ್ರಿ. ಸರೀನೋ ತಪ್ಪೋ ಅಂತ ಕೇಳಿದೆ" ಅಂದರು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಮೂವತ್ತೈದು ವರ್ಷ ಸಾಲದ ಅರ್ಜಿ ನೋಡಿದವನು ನಾನು. ಮಗಳ ಮದುವೆಗೆ ಅಂತ ಮನೆ ಒತ್ತೆ ಇಟ್ಟವರು, ಹೊಲ ಮಾರಿದವರು ಲೆಕ್ಕವಿಲ್ಲದಷ್ಟು ಮಂದಿ ಬಂದಿದ್ದಾರೆ. ಮೂರು ದಿನದ ಊಟಕ್ಕೆ, ಶಾಮಿಯಾನಕ್ಕೆ. ಅವರಲ್ಲಿ ಒಬ್ಬರೂ ಇದು ಸರೀನೋ ತಪ್ಪೋ ಅಂತ ಕೇಳಿದ್ದು ನೆನಪಿಲ್ಲ. ಕಲಿಯಲು ಖರ್ಚು ಮಾಡುವಾಗ ಮಾತ್ರ ನಮಗೆ ಧರ್ಮಸೂಕ್ಷ್ಮ ಹೊಳೆಯುತ್ತದೆ.

ಹಳೆಯ ಪರಸ್ಥಳದ ಬದುಕಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ನಮ್ಮವರು ಪುಣೆಗೆ ಬಂದದ್ದು ಹೇಗೆ? ಮೀರಜಿನಲ್ಲೋ ಸೊಲ್ಲಾಪುರದಲ್ಲೋ ಗಾಡಿ ಬದಲಿಸಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು. ತುಳುನಾಡಿನಿಂದ ಬಂದವರು ಹೋಟೆಲಿನಲ್ಲಿ ಲೋಟ ತೊಳೆದು, ಅಲ್ಲೇ ಮಲಗಿ, ಕೆಲವರು ಮುಂದೆ ಹೋಟೆಲ್ ಕಟ್ಟಿದರು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಕಟ್ಟಿದ ಜಗನ್ನಾಥ ಶೆಟ್ಟರ ಕಥೆ ಪುಣೆಯಲ್ಲಿ ಎಲ್ಲರಿಗೂ ಗೊತ್ತು. ಆ ವಲಸೆಗೆ ಆದ ಖರ್ಚು ಒಂದು ರೈಲು ಟಿಕೀಟು. ಸೋತರೆ ವಾಪಸ್ಸು ಹೋಗಲಿಕ್ಕೆ ಇನ್ನೊಂದು ಟಿಕೀಟು. ಹೋದವನು ತಿಂಗಳಿಗೆ ಐವತ್ತೋ ನೂರೋ ಮನಿಯಾರ್ಡರ್ ಮಾಡುತ್ತಿದ್ದ, ಊರಿನ ಮನೆಯ ಒಲೆ ಉರಿಯುತ್ತಿತ್ತು. ಈಗ ಮನಿಯಾರ್ಡರ್ ತಿರುಗುಮುರುಗಾಗಿದೆ. ಹೋದವನಿಗೆ ಊರಿನವರು ಕಳಿಸಬೇಕು.

ಅದರಲ್ಲೂ ಹಾರಾಟ ಕಲಿಯಲು ಹೋದವನ ಸ್ಥಿತಿ ಇನ್ನೂ ಇಕ್ಕಟ್ಟಿನದು. ಅಮೇರಿಕಾಕ್ಕೆ ಎಂಎಸ್ ಓದಲು ಹೋದ ಹುಡುಗ ಕಾಲೇಜಿನ ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ನಾಲ್ಕು ಡಾಲರ್ ದುಡಿಯಬಹುದು. ಹಾರಾಟದ ಶಾಲೆಗೆ ಹೋಗುವವರಿಗೆ ಸಾಮಾನ್ಯವಾಗಿ ಕೊಡುವುದು ವೃತ್ತಿ ತರಬೇತಿಯ ಎಂ-1 ವೀಸಾ. ಅದರಲ್ಲಿ ಓದುವಾಗ ಒಂದು ಗಂಟೆಯೂ ದುಡಿಯುವ ಹಾಗಿಲ್ಲ. ಬೆರಳಚ್ಚು ಕೊಡಬೇಕು, ಅಲ್ಲಿಯ ಭದ್ರತಾ ಇಲಾಖೆ ಒಪ್ಪಿಗೆ ಕೊಡುವ ತನಕ ಹಾರಾಟ ಶುರು ಮಾಡುವ ಹಾಗಿಲ್ಲ. 2001ರ ಸೆಪ್ಟೆಂಬರ್ 11ರಂದು ವಿಮಾನ ಅಪಹರಿಸಿದವರಲ್ಲಿ ಕೆಲವರು ಫ್ಲೋರಿಡಾದ ಶಾಲೆಗಳಲ್ಲೇ ಕಲಿತಿದ್ದರಿಂದ ಬಂದ ನಿಯಮ ಇದು. ಯಾರೋ ಮಾಡಿದ ಪಾಪಕ್ಕೆ ಚಿಂಚವಡದ ಹುಡುಗ ಹತ್ತೂ ಬೆರಳಿನ ಗುರುತು ಕೊಟ್ಟು ಕಾಯಬೇಕು. ಕಾಯುವ ದಿನಗಳಿಗೂ ಬಾಡಿಗೆ ಇದೆ, ಊಟ ಇದೆ.

ಅವನು ಹೋದದ್ದು 2008ರ ಜನವರಿಯಲ್ಲಿ. ಬ್ಯಾಂಕಿನ ಸಾಲ (ನಮ್ಮ ಬ್ಯಾಂಕಿನದಲ್ಲ) ಸಾಲದೆ ಊರಿನ ಹೊಲದಲ್ಲಿ ಎರಡು ಎಕರೆ ಮಾರಿದರು. ಕೊಳ್ಳುವವರ ವಕೀಲರು ಮಗಳ ಸಹಿ ಬೇಕು ಅಂದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕದಲ್ಲಿ 1994ರಿಂದ ಕಾನೂನು ಇತ್ತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಮಗಳಿಗೆ ಆಗ ಇಪ್ಪತ್ತನಾಲ್ಕು. ಬಿಕಾಂ ಮುಗಿಸಿ ಎಂಬಿಎ ಮಾಡಬೇಕು ಅಂತಿದ್ದವಳು. ಮುದ್ದೇಬಿಹಾಳದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದಳು. ಎಂಬಿಎ ಮಾತು ಮತ್ತೆ ಬರಲಿಲ್ಲ. ಬ್ಯಾಂಕಿನ ಸಾಲಕ್ಕೂ ಅವಳದೇ ಜಾಮೀನು, ಅಷ್ಟರಲ್ಲಿ ಅವಳಿಗೊಂದು ಸಣ್ಣ ಕೆಲಸ ಸಿಕ್ಕಿತ್ತು. 1872ರ ಕರಾರು ಕಾಯಿದೆಯ 128ನೇ ಕಲಮು ಹೇಳುವ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಜಾಮೀನು ಹಾಕುವ ಎಷ್ಟು ಮಂದಿಗೆ ಇದು ಗೊತ್ತು? ಸಹಿ ಹಾಕು ಅಂದಲ್ಲಿ ಹಾಕುತ್ತಾರೆ.

ಮೊದಲ ತಿಂಗಳುಗಳು ಚೆನ್ನಾಗಿದ್ದವು. ಒಬ್ಬನೇ ಹಾರಿಸಿ ಇಳಿಸಿದ ದಿನ ಅಲ್ಲಿನ ಪದ್ಧತಿಯಂತೆ ಬೋಧಕ ಅವನ ಅಂಗಿಯ ಬೆನ್ನಿನ ಭಾಗವನ್ನು ಕತ್ತರಿಯಿಂದ ಕತ್ತರಿಸಿ, ಅದರ ಮೇಲೆ ತಾರೀಕು ಬರೆದು ಕೊಟ್ಟ. ಹುಡುಗ ಆ ಫೋಟೋ ಕಳಿಸಿದ. ಅವನವ್ವ ನೋಡಿ "ಅಯ್ಯ, ಲಕ್ಷ್ಮೀ ರೋಡಿನ್ಯಾಗ ತಂದ ಹೊಸ ಅಂಗಿ, ಹಂಗ್ಯಾಕ ಹರದ್ರು?" ಅಂತ ಕೇಳಿದರು. ಆ ಫೋಟೋ ಇಡೀ ಸೊಸೈಟಿ ನೋಡಿತು.

ಆಮೇಲೆ ಎರಡು ಗಾಳಿ ಬೀಸಿದವು. ಆಗಸ್ಟಿನಲ್ಲಿ ಫೇ ಎಂಬ ಬಿರುಗಾಳಿ ಫ್ಲೋರಿಡಾದ ನೆಲಕ್ಕೆ ನಾಲ್ಕು ಸಲ ಅಪ್ಪಳಿಸಿ, ವಾರದ ತನಕ ಅಲ್ಲೇ ಸುತ್ತಿ ಸುತ್ತಿ ಮಳೆ ಸುರಿಸಿತು. ಹಾರಾಟ ಬಂದ್. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಲೇಹ್ಮನ್ ಬ್ರದರ್ಸ್ ಬಿತ್ತು. ವರ್ಷದ ಆರಂಭದಲ್ಲಿ ನಲವತ್ತರ ಒಳಗಿದ್ದ ಡಾಲರು ನವೆಂಬರಿಗೆ ಐವತ್ತು ಮುಟ್ಟಿತು. ಇನ್ನು ಹತ್ತು ಸಾವಿರ ಡಾಲರ್ ಕಳಿಸುವುದು ಬಾಕಿ ಅಂದರೆ ನಾಲ್ಕು ಲಕ್ಷ ಇದ್ದದ್ದು ಐದು ಲಕ್ಷ ಆಯಿತು. ಹುಡುಗ ಏನೂ ತಪ್ಪು ಮಾಡಿರಲಿಲ್ಲ, ಅಪ್ಪನೂ ಮಾಡಿರಲಿಲ್ಲ. ಅಕ್ಟೋಬರಿನಲ್ಲಿ ಜೆಟ್ ಏರ್‌ವೇಸ್ ಸುಮಾರು 1,900 ಮಂದಿಯನ್ನು ಒಮ್ಮೆಲೇ ಕೆಲಸದಿಂದ ತೆಗೆದು, ಗಲಾಟೆ ಆದ ಮೇಲೆ ಎರಡು ದಿನದಲ್ಲಿ ವಾಪಸು ತೆಗೆದುಕೊಂಡಿತು. ಆ ಟೀವಿ ಸುದ್ದಿಯನ್ನು ಚಿಂಚವಡದ ಆ ಮನೆಯಲ್ಲಿ ಯಾರೂ ಮಾತಾಡದೆ ನೋಡಿದರಂತೆ.

ಹುಡುಗ ಹೇಳದೇ ಇದ್ದ ಒಂದು ಸಂಗತಿ ಬಹಳ ವರ್ಷ ಕಳೆದ ಮೇಲೆ ನನಗೆ ಅವನ ಬಾಯಿಂದಲೇ ತಿಳಿಯಿತು. ಆ ಸೆಪ್ಟೆಂಬರಿನಲ್ಲಿ ಅವನಿಗೆ ಇದು ತನ್ನಿಂದ ಆಗುವ ಕೆಲಸವಲ್ಲ ಅನ್ನಿಸಿತ್ತಂತೆ. ಉಪಕರಣ ನೋಡಿ ಹಾರಿಸುವ ಪಾಠದಲ್ಲಿ ತಲೆ ತಿರುಗುತ್ತಿತ್ತು, ರಾತ್ರಿ ನಿದ್ದೆ ಇಲ್ಲ. "ವಾಪಸ್ ಬರ್ತೀನಿ ಅಂತ ಫೋನ್ ಹಚ್ಚಿದೆ ಅಂಕಲ್. ಅಪ್ಪ ಎತ್ತಿದ್ರು. ಊಟ ಆತೇನು ಅಂದ್ರು. ಆತು ಅಂದೆ. ಇಟ್ಟೆ."

ನಾನು ಈ ಪ್ರಶ್ನೆಯನ್ನು ಬೇರೆ ರೀತಿ ನೋಡಲು ಶುರು ಮಾಡಿದ್ದು ಈ ಮಾತಿನಿಂದ. ಅದಕ್ಕೆ ಮುಂಚೆ ನನ್ನ ತಲೆಯಲ್ಲಿದ್ದದ್ದು ಸಾಲ ಮತ್ತು ಋಣದ ಲೆಕ್ಕ. ನಮ್ಮ ಭಾಷೆಯಲ್ಲಿ ಇವು ಎರಡು ಬೇರೆ. ಸಾಲಕ್ಕೆ ಅಸಲಿದೆ, ಬಡ್ಡಿಯಿದೆ, ಕೊನೆಯ ಕಂತಿದೆ, ಬೇಬಾಕಿ ಪತ್ರವಿದೆ. ಋಣಕ್ಕೆ ಇದಾವುದೂ ಇಲ್ಲ. ಅನ್ನದ ಋಣ, ತಾಯಿಯ ಋಣ, ಊರಿನ ಋಣ. ಋಣ ಮುಗಿಯಿತು ಅಂದರೆ ಸಂಬಂಧವೇ ಮುಗಿಯಿತು, ಕೆಲವು ಸಲ ಮನುಷ್ಯನೇ ಮುಗಿದ ಅಂತ ಅರ್ಥ. ಸರ್ವಜ್ಞ ಬೈದದ್ದು ಸಾಲವನ್ನು, ಋಣವನ್ನಲ್ಲ. ತಂದೆ ಮಗನಿಗೆ ಕೊಡುವುದು ಋಣದ ಜಾತಿಯದು, ಅದನ್ನು ಸಾಲದ ಪುಸ್ತಕದಲ್ಲಿ ಬರೆಯಬಾರದು, ಬರೆದರೆ ಪ್ರೀತಿ ಕೆಡುತ್ತದೆ. ನಾವೆಲ್ಲ ಬೆಳೆದದ್ದು ಹೀಗೆ ನಂಬಿಯೇ. ಕೇಳಲು ಚೆಂದವಾಗಿಯೂ ಇದೆ.

ಆದರೆ ಲೆಕ್ಕ ಇಡದ ಋಣದ ಭಾರ ಎಷ್ಟು ಅಂತ ಹೊತ್ತವನಿಗೂ ಗೊತ್ತಾಗುವುದಿಲ್ಲ. ಬ್ಯಾಂಕಿನ ಸಾಲಗಾರ ಬಂದು "ಸಾರ್, ಆಗ್ತಾ ಇಲ್ಲ, ಕಂತು ಮುಂದೆ ಹಾಕಿಕೊಡಿ" ಅಂತ ಕೇಳಬಹುದು. ಕೇಳುವುದು ಅವನ ಹಕ್ಕು, ಅದಕ್ಕೊಂದು ಫಾರಂ ಇದೆ. ಅಪ್ಪನ ಋಣಕ್ಕೆ ಅಂಥ ಫಾರಂ ಇಲ್ಲ. ಹತ್ತೊಂಬತ್ತು ವರ್ಷದ ಹುಡುಗ ಸಾವಿರಾರು ಮೈಲಿ ದೂರದಲ್ಲಿ ಕೂತು, ಊಟ ಆತೇನು ಅಂತ ಕೇಳುವ ದನಿಗೆ ಏನು ಹೇಳಬೇಕು?

ವಿಚಿತ್ರ ನೋಡಿ. ಯಾವ ವಿದ್ಯೆಯಲ್ಲಿ ವಾಪಸು ಹೋಗುವುದನ್ನು ಒಂದು ಗುಣ ಅಂತ ಕಲಿಸುತ್ತಾರೋ, ಅದೇ ವಿದ್ಯೆಗೆ ನಾವು ಮಕ್ಕಳನ್ನು ವಾಪಸು ಬರುವ ದಾರಿ ಮುಚ್ಚಿ ಕಳಿಸುತ್ತೇವೆ. ಇಳಿಯುವಾಗ ವೇಗ ಸರಿಯಿಲ್ಲ, ಎತ್ತರ ಸರಿಯಿಲ್ಲ ಅನ್ನಿಸಿದರೆ ನಾಚಿಕೆ ಪಡದೆ ಮತ್ತೆ ಮೇಲೇರು, ಇನ್ನೊಂದು ಸುತ್ತು ಹಾಕು. ಗೋ-ಅರೌಂಡ್ ಎನ್ನುವ ಈ ಪಾಠ ಹಾರಾಟದಲ್ಲಿ ಮೊದಮೊದಲೇ ಬರುತ್ತದೆ. ಹೇಗಾದರೂ ಊರು ಮುಟ್ಟಲೇಬೇಕೆಂಬ ಹಟ ಪೈಲಟ್ಟಿನ ದೊಡ್ಡ ಶತ್ರು ಅಂತ ಅವರ ಪುಸ್ತಕಗಳಲ್ಲೇ ಇದೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈ ವಿಮಾನ ಗುಡ್ಡದಂಚಿನ ಆಚೆ ಬಿದ್ದು 158 ಮಂದಿ ಸತ್ತರಲ್ಲ, ಅದರ ತನಿಖಾ ವರದಿ ಹೇಳಿದ್ದೂ ಇದನ್ನೇ. ಇಳಿಯುವ ದಾರಿ ಸರಿಯಿರಲಿಲ್ಲ, ಪಕ್ಕದ ಪೈಲಟ್ಟು ಮೇಲೇರಿ ಅಂತ ಹೇಳಿದರೂ ಕ್ಯಾಪ್ಟನ್ ಇಳಿಸಲು ಹೋದರು. ಆ ಕ್ಯಾಪ್ಟನ್ ವಿದೇಶಿ, ಅನುಭವಿ. ಅವರಿಗೂ ಸಾಲಕ್ಕೂ ಸಂಬಂಧವಿಲ್ಲ, ಹಾಗೆ ಜೋಡಿಸುವುದು ಅನ್ಯಾಯ. ನಾನು ಹೇಳುವುದು ಇಷ್ಟೇ: ಹಿಂದೆ ಸರಿಯುವ ಧೈರ್ಯವೇ ಬಂಡವಾಳವಾದ ಕೆಲಸವಿದು. ಆ ಧೈರ್ಯವನ್ನು ಕಲಿಯುವ ವಯಸ್ಸಿನಲ್ಲಿ ಅವನ ಬೆನ್ನಿಗೆ ಫ್ಲ್ಯಾಟಿನ ಕಾಗದ ಕಟ್ಟಿರುತ್ತೇವೆ. ನನಗೆ ಇನ್ನೂ ಬಂದಿಲ್ಲ, ಪರೀಕ್ಷೆ ಮುಂದೆ ಹಾಕಿ, ಇನ್ನು ಹತ್ತು ಗಂಟೆ ಕಲಿಸಿ ಅಂತ ಅವನು ಬಾಯಿಬಿಟ್ಟು ಕೇಳಿಯಾನೇ? ಹತ್ತು ಗಂಟೆ ಅಂದರೆ ಅವ್ವನ ಬಿಲ್ವಾರ ಅಂತ ಅವನಿಗೆ ಗೊತ್ತಿರುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್ಟುಗಳು ಸಿಕ್ಕಿಬಿದ್ದರು, ಹಾರದ ಗಂಟೆಗಳನ್ನು ಹಾರಿದ್ದಾಗಿ ಬರೆದ ಪ್ರಕರಣಗಳೂ ಹೊರಬಂದವು. ಅದು ಅಪರಾಧ, ಅದಕ್ಕೆ ಸಬೂಬು ಇಲ್ಲ. ಆದರೆ ಆ ಅಪರಾಧದ ಬೀಜ ಎಲ್ಲಿರಬಹುದು ಅಂತ ಯೋಚಿಸುವಾಗ ನನಗೆ ಆ ಫೋನು ನೆನಪಾಗುತ್ತದೆ.

ಹುಡುಗ 2009ರ ಬೇಸಿಗೆಯಲ್ಲಿ ಲೈಸೆನ್ಸ್ ಹಿಡಿದು ಬಂದ. ಬಂದ ಮೇಲೆ ಅದನ್ನು ಇಲ್ಲಿಯ ಲೈಸೆನ್ಸ್ ಮಾಡಿಸಬೇಕು. ಡಿಜಿಸಿಎ ಪೇಪರುಗಳು, ರೇಡಿಯೋ ಪರೀಕ್ಷೆ, ಇಲ್ಲಿನ ವಿಮಾನದಲ್ಲಿ ಮತ್ತೆ ಹಾರಿ ತೋರಿಸುವುದು. ಅದಾದ ಮೇಲೆ ಏರ್‌ಬಸ್ಸೋ ಬೋಯಿಂಗೋ ಒಂದು ನಮೂನೆಯ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್, ಅದಕ್ಕೆ ಬೇರೆ ಲಕ್ಷಗಳು. ಕೆಲಸ ಎಲ್ಲಿ? ಲೈಸೆನ್ಸ್ ಹಿಡಿದು ಕೂತವರ ಸಾಲು ಉದ್ದ ಇತ್ತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಹಾರುವುದನ್ನೇ ನಿಲ್ಲಿಸಿದಾಗ ಸಾವಿರಾರು ಗಂಟೆ ಅನುಭವದ ಪೈಲಟ್ಟುಗಳೂ ಅದೇ ಸಾಲಿಗೆ ಬಂದು ನಿಂತರು. ನಮ್ಮ ಹುಡುಗ ಹಿಂಜವಡಿಯ ಒಂದು ಕಾಲ್‌ಸೆಂಟರಿನಲ್ಲಿ ರಾತ್ರಿಪಾಳಿ ಮಾಡಿದ. ಅಮೇರಿಕಾದ ಇಂಗ್ಲಿಷು ಅಲ್ಲಿ ಕೆಲಸಕ್ಕೆ ಬಂತು. ಅಪ್ಪ ನಿವೃತ್ತರಾದ ಮೇಲೆ ಪಿಎಫ್ ದುಡ್ಡು ಬ್ಯಾಂಕಿಗೆ ಹೋಯಿತು. ಉಳಿದ ಕಂತುಗಳಲ್ಲಿ ಅರ್ಧ ಕಟ್ಟಿದ್ದು ಜಾಮೀನು ಹಾಕಿದ ಮಗಳು, ಮದುವೆಯಾದ ಮೇಲೂ. 2015ರಲ್ಲಿ ಅವನಿಗೆ ವಿಮಾನದ ಕೆಲಸ ಸಿಕ್ಕಿತು. ಈಗ ನಾಲ್ಕು ಪಟ್ಟೆಯ ಕ್ಯಾಪ್ಟನ್. ಸೊಸೈಟಿಯ ಮಂದಿ "ನೋಡ್ರಿ, ಆಗಲೇ ಅಪ್ಪ ಗಟ್ಟಿ ಮನಸ್ಸು ಮಾಡಿದ್ದು ಎಷ್ಟು ಚಲೋ ಆತು" ಅನ್ನುತ್ತಾರೆ.

ಇದು ಸರಿಯಾದ ಮಾತಲ್ಲ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಅದೇ ವರ್ಷ, ಅದೇ ಲೆಕ್ಕ ಹಾಕಿ, ಅಷ್ಟೇ ಸಾಲ ಮಾಡಿ ಮಗನನ್ನು ಕಳಿಸಿದ ಇನ್ನೊಂದು ಮನೆ ನನಗೆ ಗೊತ್ತು, ಸಾಂಗವಿಯ ಕಡೆ. ಆ ಹುಡುಗ 120 ಗಂಟೆಗೆ ನಿಲ್ಲಿಸಿ ಬಂದ. ಅರ್ಧ ಕಲಿತ ಹಾರಾಟಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಮನೆ ಮಾರಿ ಬಾಡಿಗೆಗೆ ಹೋದರು. ಅವರನ್ನು ಕಂಡರೆ ಜನ "ಮೈಮೇಲೆ ಎಚ್ಚರ ಬೇಡವೇನ್ರೀ" ಅಂದರು. ಇಬ್ಬರು ತಂದೆಯರು ಮಾಡಿದ್ದು ಒಂದೇ. ಒಬ್ಬರದು ಧೈರ್ಯ ಆಯಿತು, ಒಬ್ಬರದು ಹುಚ್ಚುತನ ಆಯಿತು. ಫಲ ನೋಡಿ ನ್ಯಾಯ ಹೇಳುವ ಚಾಳಿ ನಮ್ಮದು. ಸಾಲ ಮಂಜೂರು ಮಾಡಿದ ದಿನ ಅಧಿಕಾರಿ ಏನು ತಿಳಿದಿದ್ದ, ಏನು ವಿಚಾರಿಸಿದ ಅನ್ನುವುದನ್ನು ಬ್ಯಾಂಕಿನ ತನಿಖೆಯಲ್ಲಿ ನೋಡುತ್ತಾರೆ, ಅಥವಾ ನೋಡಬೇಕು. ಐದು ವರ್ಷದ ಮೇಲೆ ಸಾಲ ಮುಳುಗಿತೋ ತೇಲಿತೋ ಅನ್ನುವುದೊಂದನ್ನೇ ಅಲ್ಲ. ಮನೆಯ ವಿಚಾರಣೆಯೂ ಹಾಗೇ ಆಗಬೇಕು. ಆ ದಿನ ಯಾರನ್ನು ಕೇಳಿದರು? ಯಾರನ್ನು ಕೇಳಲಿಲ್ಲ?

ಹಾಗೆ ನೋಡಿದರೆ ಆಗದಿದ್ದರೆ ಬಿಟ್ಟು ಬಾ ಅಂತ ಮೊದಲೇ ಹೇಳಿದ್ದವರು ಸಾಂಗವಿಯವರೇ. ಅವರ ಮಗ ಆ ಮಾತನ್ನು ನಂಬಿ ವಾಪಸು ಬಂದ. ದುಡ್ಡು ಹೋಯಿತು. ಮಗ ಇಂದು ಲಾಜಿಸ್ಟಿಕ್ಸ್ ಕಂಪನಿಯೊಂದರಲ್ಲಿ ಸಾಧಾರಣ ಕೆಲಸದಲ್ಲಿದ್ದಾನೆ, ತಂದೆಯ ಜೊತೆ ಕೂತು ಕ್ರಿಕೆಟ್ ನೋಡುತ್ತಾನೆ. ಚಿಂಚವಡದಲ್ಲಿ ಎಲ್ಲ ಗೆದ್ದಿತು. ಆದರೆ ಕ್ಯಾಪ್ಟನ್ ಅಪ್ಪನ ಮುಂದೆ ಕೂತಾಗ ಇಂದಿಗೂ ಅರ್ಧ ಎದ್ದು ನಿಂತವನ ಹಾಗೆ ಇರುತ್ತಾನೆ. ಎರಡರಲ್ಲಿ ಯಾವ ಮನೆ ಹೆಚ್ಚು ಸುಖಿ ಅಂತ ಕೇಳಬೇಡಿ. ಬಾಡಿಗೆ ಮನೆಯಲ್ಲಿ ಮುಪ್ಪು ಕಳೆಯುವುದು ಸಣ್ಣ ಮಾತಲ್ಲ, ನಾನು ಅದನ್ನು ಬಣ್ಣ ಹಚ್ಚಿ ಹೇಳಲಾರೆ.

ಮಗಳ ಮಾತು ಉಳಿಯಿತು. ಒಮ್ಮೆ ಗಣೇಶನಗರದ ಕನ್ನಡ ಸಂಘದಲ್ಲಿ ರಾಜ್ಯೋತ್ಸವದ ದಿನ ನನ್ನ ಮನೆಯವರ ಪಕ್ಕ ಕೂತಿದ್ದಾಗ ಅವಳು ಹೇಳಿದಳಂತೆ: "ಆಂಟಿ, ಸಹಿ ಎಲ್ಲಿ ಹಾಕಬೇಕು ಅಂತ ಎಲ್ಲಾರೂ ಬೆರಳಿಟ್ಟು ತೋರಿಸಿದ್ರು. ಹಾಕ್ತೀಯೇನವ್ವ ಅಂತ ಒಬ್ರೂ ಕೇಳಲಿಲ್ಲ. ಕೇಳಿದ್ರೂ ಹಾಕ್ತಿದ್ದೆ. ತಮ್ಮ ಅಲ್ಲೇನು." ಕಾನೂನು ಅವಳ ಸಹಿಯನ್ನು ಕೇಳಿತು, ಮನೆ ಅವಳ ಮಾತನ್ನು ಕೇಳಲಿಲ್ಲ. ಇಲ್ಲಿ ತಪ್ಪು ಅಂತ ಒಂದು ಇದ್ದರೆ ಅದು ಮನೆ ಒತ್ತೆ ಇಟ್ಟದ್ದಲ್ಲ, ಇದು. ಅಪ್ಪ ತನ್ನ ಬೆವರಿನದನ್ನು ಮಗನಿಗೆ ಸುರಿದರೆ ಅದು ಅವರ ಪ್ರೀತಿ, ಅವರ ಜೂಜು. ಎರಡು ಎಕರೆಯಲ್ಲಿ ಮಗಳ ಪಾಲಿತ್ತು. ಪ್ರೀತಿಯ ಹೆಸರಲ್ಲಿ ಇನ್ನೊಬ್ಬರ ಪಾಲನ್ನು ಪಣಕ್ಕೆ ಇಡುವುದು ದಾನವಲ್ಲ, ಅದು ಹಳೆಯ ಕಥೆ. ನಮ್ಮಲ್ಲಿ ಅದಕ್ಕೆ ಮಹಾಭಾರತವೇ ಇದೆ.

2018ರಲ್ಲಿ ತಮ್ಮ ಅಕ್ಕನ ಮನೆಗೆ ಹೋಗಿ ಒಂದು ಹಾಳೆ ಇಟ್ಟ. ಅವಳು ಕಟ್ಟಿದ ಕಂತುಗಳು, ಅವುಗಳ ಮೇಲೆ ಬಡ್ಡಿ, ಹೊಲದಲ್ಲಿ ಅವಳ ಪಾಲಿನ ದುಡ್ಡು, ಎಲ್ಲ ತಾರೀಕು ಹಾಕಿ ಬರೆದಿದ್ದ. ಚೆಕ್ಕೂ ಇತ್ತು. ಅವನ ಅವ್ವ ಅತ್ತರಂತೆ, ಅಕ್ಕ ತಮ್ಮನ ನಡುವೆ ಲೆಕ್ಕ ಬಂತಲ್ಲ ಅಂತ. ಅಪ್ಪ ಎದ್ದು ಹೊರಗೆ ಹೋದರು. ಅಕ್ಕ ಹಾಳೆಯನ್ನು ಪೂರ್ತಿ ಓದಿ, ಒಂದು ಕಡೆ ಕೂಡಿಸಿದ್ದು ತಪ್ಪಾಗಿದೆ ಅಂತ ತೋರಿಸಿ, ಚೆಕ್ಕನ್ನು ತೆಗೆದುಕೊಂಡಳು. ತನ್ನ ಹೆಸರಲ್ಲಿ ಎಫ್‌ಡಿ ಮಾಡಿದಳು. ಆ ದಿನದಿಂದ ಅವರಿಬ್ಬರೂ ಮೊದಲಿಗಿಂತ ಸಲೀಸಾಗಿ ಜಗಳವಾಡುತ್ತಾರೆ ಅಂತ ನನ್ನ ಮನೆಯವರ ವರದಿ. ಋಣವನ್ನು ಸಾಲದ ಪುಸ್ತಕದಲ್ಲಿ ಬರೆದರೆ ಪ್ರೀತಿ ಕೆಡುತ್ತದೆ ಅನ್ನುವ ನಂಬಿಕೆ ನನ್ನಲ್ಲಿ ಅಲ್ಲಾಡಿದ್ದು ಆಗ. ಕೆಲವು ಋಣಗಳನ್ನು ಸಾಲ ಮಾಡಿ ತೀರಿಸಿಬಿಡುವುದೇ ಮರ್ಯಾದೆ, ಉಳಿದದ್ದು ಆಮೇಲೂ ಉಳಿಯುತ್ತದೆ. ಅಪ್ಪನ ಹಾಳೆ ಮಾತ್ರ ಅವನು ಬರೆದಿಲ್ಲ. ಬರೆಯಲು ಅಪ್ಪ ಬಿಟ್ಟಿಲ್ಲ.

2020ರ ಮಾರ್ಚಿನಲ್ಲಿ ವಿಮಾನಗಳೆಲ್ಲ ಎರಡು ತಿಂಗಳು ನಿಂತಾಗ, 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗ, ಆ ಅವ್ವ ಟೀವಿ ಮುಂದಿನಿಂದ ಏಳಲಿಲ್ಲ. ಕಂತು ಮುಗಿದರೂ ಈ ಕೆಲಸದ ಜಾಮೀನು ಮುಗಿಯುವುದಿಲ್ಲ.

ಈಗಲೂ ಜನ ಬರುತ್ತಾರೆ. ನಿವೃತ್ತನಾದ ಮೇಲೆ ಹೆಚ್ಚೇ ಬರುತ್ತಾರೆ, ಫೀಸಿಲ್ಲವಲ್ಲ. ಡಾಲರು ತೊಂಬತ್ತು ದಾಟಿತು, ಟೈಪ್ ರೇಟಿಂಗ್ ಸೇರಿದರೆ ಅರ್ಧ ಕೋಟಿಯ ಕೆಳಗೆ ಮಾತೇ ಇಲ್ಲ. ವಿಮಾನಗಳು ಸಾಲುಸಾಲು ಬರುತ್ತಿವೆ, ಪೈಲಟ್ಟುಗಳು ಬೇಕು ಅಂತ ಪತ್ರಿಕೆಗಳು 2007ರ ಹಾಗೆಯೇ ಬರೆಯುತ್ತಿವೆ. ಕಳೆದ ವಾರ ರಾವೇತದಿಂದ ಒಬ್ಬರು ಫೋನ್ ಮಾಡಿದ್ದರು. ಜಮಖಂಡಿಯವರು. ಈ ಸಲ ಹಾರಬೇಕು ಅನ್ನುವವಳು ಮಗಳು, ದಕ್ಷಿಣ ಆಫ್ರಿಕಾಕ್ಕೆ. ಮಗ ಚಿಕ್ಕವನು, ಹತ್ತನೇ ತರಗತಿ. ಭಾನುವಾರ ಬರುತ್ತೇವೆ, ನಾವಿಬ್ಬರೂ ಮಗಳೂ, ಅಂದರು. ಹುಡುಗನನ್ನೂ ಕರಕೊಂಡು ಬರ್ರಿ ಅಂದೆ. "ಅವನಿಗೇನ್ರೀ ತಿಳೀತದ?" ಅಂದರು. ಇರಲಿ, ಕರಕೊಂಡು ಬರ್ರಿ, ನಾಷ್ಟಾ ಮಾಡಿಕೊಂಡು ಹೋಗಲಿ ಅಂದಿದ್ದೇನೆ.